ಸ್ಪೆಲ್ ಓದುವ ಕ್ರಮ: ಡಿಎಂ ಆಗಿ ಕೂರುವವರಿಗೆ

ಡಂಜನ್ಸ್ ಅಂಡ್ ಡ್ರಾಗನ್ಸ್ ಮೇಜಿನ ಸುತ್ತ ಕೂತು ಕಥೆ ಕಟ್ಟುವ ಆಟ: ಒಬ್ಬೊಬ್ಬರೂ ಒಂದು ಪಾತ್ರ ಆಡುತ್ತಾರೆ, ಕಥೆ ನಡೆಸಿ ತೀರ್ಪು ಕೊಡುವವರು ಡಿಎಂ (ಡಂಜನ್ ಮಾಸ್ಟರ್). ಅದನ್ನು ಆಡುವಾಗ ಕತ್ತಿ ಬೀಸುವವರಿಂದ ತಕರಾರು ಬರುವುದು ಅಪರೂಪ. ಇಪ್ಪತ್ತರ ದಾಳ ಉರುಳಿಸುತ್ತಾರೆ, ಎದುರಾಳಿಯ ಎಸಿ (ಅವರ ರಕ್ಷಣೆಯ ಅಂಕ) ಮುಟ್ಟಿತೋ ಇಲ್ಲವೋ ನೋಡುತ್ತೇವೆ, ಅಲ್ಲಿಗೆ ಮುಗಿಯಿತು. ತಕರಾರೆಲ್ಲ ಸ್ಪೆಲ್‌ಗಳದು, ಅಂದರೆ ಪಾತ್ರಗಳು ಹಾಕುವ ಮಂತ್ರಗಳದು. 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಒಂದರಲ್ಲೇ ಮುನ್ನೂರಕ್ಕೂ ಹೆಚ್ಚು ಸ್ಪೆಲ್‌ಗಳಿವೆ. ಒಂದೊಂದೂ ಆಟದ ಸಾಮಾನ್ಯ ನಿಯಮದಿಂದ ತನಗಷ್ಟು ವಿನಾಯಿತಿ ಕೇಳುತ್ತದೆ. ಇಂಥ ಎರಡು ವಿನಾಯಿತಿಗಳು ಒಂದೇ ಟರ್ನ್‌ನಲ್ಲಿ (ಒಬ್ಬರ ಸರದಿಯಲ್ಲಿ) ಎದುರುಬದುರಾದರೆ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ, ಎಲ್ಲರೂ ಡಿಎಂ ಮುಖ ನೋಡುತ್ತಾರೆ.

ನಮ್ಮ ಮನೆಯಲ್ಲಿ ಆ ಡಿಎಂ ನಾನು. ಹಗಲು ಮೈಸೂರಿನ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಶನಿವಾರ ಸಂಜೆ ಊಟದ ಮೇಜಿನ ಮೇಲೆ ಚೌಕಳಿ ಮ್ಯಾಟ್ ಹಾಸುತ್ತೇನೆ. ವಿಜರ್ಡ್ (ಮಾಂತ್ರಿಕ) ಆಡುವವನು ನನ್ನ ಅಣ್ಣನ ಮಗ. ಕ್ಲೆರಿಕ್ (ದೈವಶಕ್ತಿಯ ಪೂಜಾರಿ) ಪಕ್ಕದ ಬೀದಿಯ ರಾಯರದು, ಅವರು ಬ್ಯಾಂಕಿನಲ್ಲಿದ್ದಾರೆ. ಅವರ ಮನೆಯವರು ರೋಗ್ (ಸದ್ದಿಲ್ಲದೆ ನುಸುಳುವ ಚಾಲಾಕಿ). ವಾರ್ಲಾಕ್ (ಒಂದು ಅತೀತ ಶಕ್ತಿಯ ಜೊತೆ ಒಪ್ಪಂದ ಮಾಡಿಕೊಂಡ ಮಂತ್ರಗಾತಿ) ನನ್ನ ಹಳೇ ವಿದ್ಯಾರ್ಥಿನಿ. ನಾಲ್ಕು ಜನರೂ ಗಟ್ಟಿಗರು, ಸ್ಪೆಲ್‌ನ ಪ್ರತಿ ಸಾಲನ್ನೂ ಲಾಯರ್ ಥರ ಓದಿಕೊಂಡು ಬರುತ್ತಾರೆ. ಅವರ ಜೊತೆ ಆಡುತ್ತಾ ಆಡುತ್ತಾ ಸ್ಪೆಲ್ ಓದುವುದಕ್ಕೆ ನನ್ನದೇ ಒಂದು ಕ್ರಮ ಬಂದಿದೆ. ಅದರ ತಿರುಳು ಇಷ್ಟು: ಬರೆದಷ್ಟನ್ನು ಮಾತ್ರ ಸ್ಪೆಲ್ ಮಾಡುತ್ತದೆ, ಬರಹ ಮುಗಿದ ಕಡೆ ಡಿಎಂ ತೀರ್ಪು ಕೊಡಬೇಕು, ಆ ತೀರ್ಪು ದಾಳ ಬೀಳುವ ಮೊದಲೇ ಬರಬೇಕು.

ಯಾವ ಪುಸ್ತಕ ಅಂತ ಮೊದಲು ಗೊತ್ತುಮಾಡಿ

ಐದನೇ ಆವೃತ್ತಿ 2014ರಲ್ಲಿ ಬಂತು, ಅದನ್ನೇ ತಿದ್ದಿ 2024ರಲ್ಲಿ ಮತ್ತೆ ಹೊರತಂದರು. ಸ್ಪೆಲ್‌ಗಳ ಹೆಸರು ಹಾಗೇ ಇದೆ, ಒಳಗಿನ ಮಾತು ಬೇರೆಯಾಗಿದೆ. ಒಬ್ಬರ ಕೈಲಿ ಹಳೇ ಪುಸ್ತಕ, ಇನ್ನೊಬ್ಬರ ಮೊಬೈಲ್‌ನಲ್ಲಿ ಹೊಸದು ಇದ್ದರೆ ಅರ್ಧ ಜಗಳ ಅಲ್ಲೇ ಹುಟ್ಟುತ್ತದೆ.

ಇನ್ವಿಸಿಬಿಲಿಟಿಯನ್ನೇ ನೋಡಿ. 2014ರಲ್ಲಿ ಅದೃಶ್ಯವಾದವರು ಅಟ್ಯಾಕ್ ಮಾಡಿದರೆ ಅಥವಾ ಸ್ಪೆಲ್ ಹಾಕಿದರೆ ಮುಗಿಯುತ್ತದೆ. ಅಟ್ಯಾಕ್ ಯಾವುದು ಅನ್ನುವುದಕ್ಕೆ ಆ ಪುಸ್ತಕವೇ ಒಂದು ಅಳತೆ ಕೊಟ್ಟಿದೆ: ಅಟ್ಯಾಕ್ ರೋಲ್ ಹಾಕುತ್ತಿದ್ದೀರಾದರೆ ಅದು ಅಟ್ಯಾಕ್. ಹಾಗಾದರೆ ನಮ್ಮ ರೋಗ್ ಅದೃಶ್ಯಳಾಗಿ ಕೋಟೆ ಗೋಡೆ ಹತ್ತಿ, ಕುದಿಯುವ ಎಣ್ಣೆಯ ಕೊಪ್ಪರಿಗೆಯನ್ನು ಕಾವಲುಗಾರರ ಮೇಲೆ ಬಗ್ಗಿಸಿದರೆ? ಅಲ್ಲಿ ದಾಳ ಹಾಕುವವರು ಕೆಳಗಿರುವ ಕಾವಲುಗಾರರು, ಅದೂ ಡೆಕ್ಸ್ ಸೇವ್ (ಚುರುಕಿನಿಂದ ತಪ್ಪಿಸಿಕೊಳ್ಳಲು ಹಾಕುವ ದಾಳ). ಅಟ್ಯಾಕ್ ರೋಲ್ ಇಲ್ಲ. ಆಕೆ ಅದೃಶ್ಯಳಾಗಿಯೇ ಉಳಿಯುತ್ತಾಳೆ. 2024ರಲ್ಲಿ ಈ ಬಾಗಿಲು ಮುಚ್ಚಿದರು: ಅಟ್ಯಾಕ್ ರೋಲ್, ಸ್ಪೆಲ್, ಇವುಗಳ ಜೊತೆಗೆ ಯಾರಿಗಾದರೂ ಡ್ಯಾಮೇಜ್ ಮಾಡಿದರೂ ಸ್ಪೆಲ್ ಮುಗಿಯಿತು. ಎಣ್ಣೆ ಒಂದೇ, ಕೊಪ್ಪರಿಗೆ ಒಂದೇ, ಪುಸ್ತಕ ಬದಲಾದರೆ ಉತ್ತರ ಉಲ್ಟಾ.

ಸೀ ಇನ್ವಿಸಿಬಿಲಿಟಿಯ ಕಥೆಯೂ ಹೀಗೇ. 2014ರ ಇನ್ವಿಸಿಬಲ್ ಕಂಡೀಷನ್‌ನಲ್ಲಿ ಎರಡು ಅಂಶ ಬೇರೆಬೇರೆಯಾಗಿ ನಿಂತಿವೆ. ಒಂದು, ಕಣ್ಣಿಗೆ ಕಾಣುವುದಿಲ್ಲ ಅಂತ. ಇನ್ನೊಂದು, ಇವರ ಮೇಲಿನ ಅಟ್ಯಾಕ್‌ಗೆ ಡಿಸ್‌ಅಡ್ವಾಂಟೇಜ್ (ಎರಡು ದಾಳ ಹಾಕಿ ಕಡಿಮೆಯದನ್ನು ತೆಗೆದುಕೊಳ್ಳುವುದು), ಇವರ ಅಟ್ಯಾಕ್‌ಗೆ ಅಡ್ವಾಂಟೇಜ್ (ಎರಡರಲ್ಲಿ ಹೆಚ್ಚಿನದು) ಅಂತ. ಅಕ್ಷರಕ್ಕೆ ಅಕ್ಷರ ಓದಿದರೆ, ಸೀ ಇನ್ವಿಸಿಬಿಲಿಟಿ ಹಾಕಿಕೊಂಡು ಶತ್ರುವನ್ನು ಕಣ್ಣಾರೆ ಕಂಡರೂ ನಿಮ್ಮ ಡಿಸ್‌ಅಡ್ವಾಂಟೇಜ್ ಹೋಗುವುದಿಲ್ಲ! ಎರಡನೇ ಲೆವೆಲ್‌ನ ಸ್ಲಾಟ್ (ಸ್ಪೆಲ್ ಹಾಕಲು ಖರ್ಚಾಗುವ, ಲೆಕ್ಕದಷ್ಟೇ ಇರುವ ಶಕ್ತಿ) ಕೊಟ್ಟವರಿಗೆ ಇದು ದೊಡ್ಡ ಅನ್ಯಾಯ. ನಾವು 2014ರ ಪುಸ್ತಕದಲ್ಲಿ ಆಡುತ್ತಿದ್ದಾಗಲೂ ‘ಕಂಡವರಿಗೆ ಆ ಎರಡನೇ ಅಂಶ ಅನ್ವಯಿಸುವುದಿಲ್ಲ’ ಎಂದೇ ನಡೆಸಿದೆವು. 2024ರವರು ಅದನ್ನೇ ಪುಸ್ತಕದಲ್ಲಿ ಬರೆದರು.

ಆಟದ ಪಾರಿಭಾಷಿಕ ಪದಗಳಿಗೆ ಗೆರೆ ಎಳೆಯಿರಿ

ಸ್ಪೆಲ್ ಓದುವಾಗ ಪೆನ್ಸಿಲ್ ಇಟ್ಟುಕೊಂಡು ಐದು ಬಗೆಯ ಪದ ಹುಡುಕುತ್ತೇನೆ: ಗುರಿ ಕ್ರೀಚರೋ ಆಬ್ಜೆಕ್ಟೋ, ನಿಮಗೆ ಅದು ಕಾಣಬೇಕೋ ಬೇಡವೋ, ಗುರಿ ಜೀವಿಯೋ ಅಥವಾ ಜಾಗದ ಒಂದು ಬಿಂದುವೋ, ಅಟ್ಯಾಕ್ ರೋಲೋ ಸೇವೋ, ಮತ್ತು ಯಾವಾಗ. ಇವು ಮಾಮೂಲಿ ಮಾತಿನ ಹಾಗೆ ಕಂಡರೂ ಆಟದಲ್ಲಿ ಇವಕ್ಕೆ ಗಟ್ಟಿಯಾದ ಅರ್ಥವಿದೆ. ಹೆಚ್ಚಿನ ಗೊಂದಲ ಇಷ್ಟರಲ್ಲೇ ಇಳಿದುಹೋಗುತ್ತದೆ.

ಕ್ರಿಯೇಟ್ ವಾಟರ್ ಹಾಕಿ ಶತ್ರುವಿನ ಶ್ವಾಸಕೋಶ ತುಂಬಿಸುತ್ತೇನೆ ಎಂದು ಎಲ್ಲ ಹೊಸ ಆಟಗಾರರೂ ಒಂದಲ್ಲ ಒಂದು ದಿನ ಕೇಳುತ್ತಾರೆ. ಸ್ಪೆಲ್ ಕೇಳುವುದು ತೆರೆದ ಪಾತ್ರೆಯನ್ನು. ಜೀವಂತ ಮನುಷ್ಯ ಕ್ರೀಚರ್, ಪಾತ್ರೆಯಲ್ಲ. ಇಷ್ಟೇ ಉತ್ತರ ಸಾಕು, ಅಂಗರಚನೆಯ ಚರ್ಚೆ ಬೇಡ.

ವಾರ್ಲಾಕ್ ಹೊಡೆಯುವ ಕಿರಣ, ಎಲ್ಡ್ರಿಚ್ ಬ್ಲಾಸ್ಟ್, ಸ್ವಲ್ಪ ಸೂಕ್ಷ್ಮ. 2014ರಲ್ಲಿ ಅದರ ಗುರಿ ಕ್ರೀಚರ್ ಮಾತ್ರ. ಬಾಗಿಲನ್ನು ಒಡೆಯಲು ಬರುವುದಿಲ್ಲ, ಫೈರ್ ಬೋಲ್ಟ್‌ಗೆ ಮಾತ್ರ ಆಬ್ಜೆಕ್ಟ್ ಕೂಡ ಗುರಿಯಾಗುತ್ತದೆ. ನಮ್ಮ ವಾರ್ಲಾಕ್ ಹುಡುಗಿ ಇದನ್ನು ಹಿಡಿದುಕೊಂಡು ಒಂದು ಉಪಾಯ ಮಾಡಿದಳು. ನೆಲಮಾಳಿಗೆಯಲ್ಲಿ ಪೆಟ್ಟಿಗೆ ಕಂಡಾಗಲೆಲ್ಲ, “ಮೇಡಂ, ಆ ಪೆಟ್ಟಿಗೆ ಮೇಲೆ ಎಲ್ಡ್ರಿಚ್ ಬ್ಲಾಸ್ಟ್.” ನಾನು ‘ಆಗಲ್ಲ’ ಎಂದರೆ ಅದು ಬರೀ ಪೆಟ್ಟಿಗೆ. ‘ರೋಲ್ ಮಾಡು’ ಎಂದರೆ ಅದು ಪೆಟ್ಟಿಗೆಯ ವೇಷದ ರಾಕ್ಷಸ, ಮಿಮಿಕ್. ಬುದ್ಧಿವಂತೆ! ಇದಕ್ಕೆ 2017ರ ಪೂರಕ ಪುಸ್ತಕದಲ್ಲಿ ದಾರಿ ಇದೆ: ಸಲ್ಲದ ಗುರಿಯ ಮೇಲೂ ಸ್ಪೆಲ್ ಹಾಕಬಹುದು, ಸ್ಲಾಟ್ ಇದ್ದರೆ ಖರ್ಚಾಗುತ್ತದೆ, ಗುರಿಗೆ ಏನೂ ಆಗುವುದಿಲ್ಲ. ಆದ್ದರಿಂದ ಈಗ ಪ್ರತಿ ಸಲವೂ ರೋಲ್ ಮಾಡಿಸುತ್ತೇನೆ. ಮಿಮಿಕ್ ಆಗಿದ್ದರೆ ಪೆಟ್ಟು ಬಿದ್ದು ಅದು ಎದ್ದು ಬರುತ್ತದೆ. ದೂರದಿಂದ ಬಾಣ ಹೊಡೆದಿದ್ದರೂ ಅಷ್ಟೇ ಗೊತ್ತಾಗುತ್ತಿತ್ತು. ಡಿಎಂ ಬಾಯಿಂದ ಪುಕ್ಕಟೆ ಉತ್ತರ ಸಿಗಬಾರದು, ಅಷ್ಟೇ ಮುಖ್ಯ. 2024ರ ಪುಸ್ತಕ ಆಬ್ಜೆಕ್ಟನ್ನೂ ಗುರಿಗೆ ಸೇರಿಸಿ ಈ ತಲೆನೋವನ್ನೇ ತೆಗೆದುಹಾಕಿದೆ.

ಬರೆಯದ್ದನ್ನು ಸೇರಿಸಬೇಡಿ

ಗ್ರೀಸ್ ಎಂಬ ಸ್ಪೆಲ್‌ಗೆ ಬೆಂಕಿ ಹತ್ತುತ್ತದೆಯೇ? ಹತ್ತು ಅಡಿ ಚೌಕದ ನೆಲ ಜಾರುವ ಜಿಡ್ಡಾಗುತ್ತದೆ, ನಿಂತವರು ಡೆಕ್ಸ್ ಸೇವ್ ತಪ್ಪಿದರೆ ಬೀಳುತ್ತಾರೆ. ನಮ್ಮ ಹುಡುಗ ಮೊದಲನೇ ಟರ್ನ್‌ನಲ್ಲಿ ಗ್ರೀಸ್ ಹಾಕಿ, ಎರಡನೇ ಟರ್ನ್‌ನಲ್ಲಿ ಫೈರ್ ಬೋಲ್ಟ್ ಹೊಡೆದು, “ಅತ್ತೆ, ಗ್ರೀಸ್ ಉರಿಯತ್ತೆ ತಾನೆ? ನೀವೇ ಕೆಮಿಸ್ಟ್ರಿ ಮೇಡಂ” ಅಂದ.

ನಿಜವಾದ ಗ್ರೀಸ್ ಕಾದರೆ ಉರಿಯುತ್ತದೆ, ಸರಿ. ಆದರೆ ತೀರ್ಪು ಬೇಕಿರುವುದು ಈ ಸ್ಪೆಲ್ ಬಗ್ಗೆ. ಅದನ್ನು ತಿಳಿಯಲು ಪಕ್ಕದ ಸ್ಪೆಲ್ ಓದಬೇಕು. ವೆಬ್‌ನ ಬಲೆಗೆ ಬೆಂಕಿ ಹತ್ತುತ್ತದೆ ಅಂತ ಪುಸ್ತಕ ನೇರವಾಗಿ ಬರೆದಿದೆ: ಐದು ಅಡಿಯ ಒಂದು ಘನದಷ್ಟು ಬಲೆ ಒಂದು ರೌಂಡಿನಲ್ಲಿ ಉರಿದುಹೋಗುತ್ತದೆ, ಒಳಗಿದ್ದವರಿಗೆ 2ಡಿ4 (ನಾಲ್ಕು ಮುಖದ ಎರಡು ದಾಳದಷ್ಟು) ಬೆಂಕಿ ಡ್ಯಾಮೇಜ್. ಉರಿಯಬೇಕಾದಲ್ಲಿ ಇಷ್ಟು ಬಿಡಿಸಿ ಬರೆದವರು 2014ರ ಗ್ರೀಸ್‌ನಲ್ಲಿ ಆ ಮಾತೇ ಎತ್ತಿಲ್ಲ. ಹಾಗಾಗಿ ಅದು ಉರಿಯುವುದಿಲ್ಲ. ಇದರಲ್ಲಿ ಲೆಕ್ಕಾಚಾರವೂ ಇದೆ. ವೆಬ್ ಎರಡನೇ ಲೆವೆಲ್, ಗ್ರೀಸ್ ಒಂದನೇ ಲೆವೆಲ್. ಜಾರಿಸಿ ಬೀಳಿಸುವ ಸ್ಪೆಲ್‌ಗೆ ಬೆಂಕಿಯನ್ನೂ ಕೊಟ್ಟರೆ ಇನ್ನು ಮೇಲೆ ಯಾರೂ ವೆಬ್ ಕಲಿಯುವುದಿಲ್ಲ.

ಪಕ್ಕದ ಸ್ಪೆಲ್ ಜೊತೆ ಇಟ್ಟು ನೋಡುವ ಈ ಉಪಾಯವನ್ನು ನಾನು ಬಹಳ ನೆಚ್ಚಿಕೊಂಡಿದ್ದೇನೆ. ಅನುಮಾನ ಬಂದಾಗ ಅದೇ ಲೆವೆಲ್‌ನ ಇನ್ನೊಂದು ಸ್ಪೆಲ್ ತೆರೆಯಿರಿ, ಇದೇ ಕೆಲಸವನ್ನು ಬಾಯಿಬಿಟ್ಟು ಹೇಳುವ ಸ್ಪೆಲ್ ಯಾವ ಲೆವೆಲ್‌ನಲ್ಲಿದೆ ಹುಡುಕಿ. ಹೆಚ್ಚಿನ ಸಲ ಉತ್ತರ ಅಲ್ಲೇ ಸಿಗುತ್ತದೆ.

ಹಳೇ ಆವೃತ್ತಿಗಳ ನೆನಪೂ ಬರೆಯದ್ದನ್ನು ಸೇರಿಸುತ್ತದೆ. 1970ರ ದಶಕದ ಕೊನೆಯ ಅಡ್ವಾನ್ಸ್ಡ್ ಆವೃತ್ತಿಯಲ್ಲಿ ಫೈರ್‌ಬಾಲ್ ಸುಮಾರು 33,000 ಘನ ಅಡಿ ಜಾಗ ತುಂಬುವವರೆಗೆ ಹರಡುತ್ತಿತ್ತು. 20 ಅಡಿ ತ್ರಿಜ್ಯದ ಗೋಳದ ಗಾತ್ರವೇ ಅದು. ಹತ್ತಡಿ ಅಗಲ, ಹತ್ತಡಿ ಎತ್ತರದ ಓಣಿಯಲ್ಲಿ ಹಾಕಿದರೆ 330 ಅಡಿ ಉದ್ದ ಬೆಂಕಿ, ಹಾಕಿದವರೂ ಅದರಲ್ಲೇ. 2014ರ ಫೈರ್‌ಬಾಲ್‌ಗೆ ಈ ಗುಣ ಇಲ್ಲ. ಮೂಲೆ ಸುತ್ತಿ ಹೋಗುತ್ತದೆ ಎಂದಿದೆ, ಆದರೆ ಬಿಂದುವಿನಿಂದ 20 ಅಡಿ ದಾಟುವುದಿಲ್ಲ. ಹಳಬರೊಬ್ಬರು ಮೇಜಿನಲ್ಲಿದ್ದರೆ ಈ ಮಾತನ್ನು ಮೊದಲೇ ಆಡಿಕೊಳ್ಳಿ. ಆ ಓಣಿಯ ಬೆಂಕಿ ಕಂಡವರಿಗೆ ಅದರ ಮೇಲೆ ಪ್ರೀತಿ, ಅದೂ ತಪ್ಪಲ್ಲ.

ಗಾಜಿನ ಆಚೆ, ಕತ್ತಲೆಯ ಒಳಗೆ

ಕಾಣುವುದು ಬೇರೆ, ದಾರಿ ಇರುವುದು ಬೇರೆ. ಸ್ಪೆಲ್‌ನ ಗುರಿಗೂ ನಿಮಗೂ ನಡುವೆ ತೆರಪಾದ ದಾರಿ ಇರಬೇಕು, ಗುರಿ ಟೋಟಲ್ ಕವರ್‌ನ (ಪೂರ್ತಿ ಅಡ್ಡಿಯ) ಹಿಂದಿರಬಾರದು. ಇದು ಸ್ಪೆಲ್‌ನ ಒಳಗೆ ಬರೆದಿರುವುದಿಲ್ಲ. ಸ್ಪೆಲ್ ಹಾಕುವ ಸಾಮಾನ್ಯ ನಿಯಮಗಳ ಅಧ್ಯಾಯದಲ್ಲಿದೆ, ಆದ್ದರಿಂದಲೇ ಎಲ್ಲರೂ ಮರೆಯುತ್ತಾರೆ. ಮುಚ್ಚಿದ ಗಾಜಿನ ಕಿಟಕಿಯ ಆಚೆ ಮಾಂತ್ರಿಕ ಕಾಣುತ್ತಾನೆ, ಆದರೂ ಅವನ ಮೇಲೆ, ಅಲುಗಾಡದಂತೆ ಹಿಡಿಯುವ ಹೋಲ್ಡ್ ಪರ್ಸನ್ ಹಾಕಲಾಗದು. ಗಾಜು ಪಾರದರ್ಶಕವಾದರೂ ಅಡ್ಡಿ ಅಡ್ಡಿಯೇ. ಇದ್ದಲ್ಲಿಂದ ಮಾಯವಾಗಿ ಇನ್ನೊಂದೆಡೆ ಕಾಣಿಸಿಕೊಳ್ಳುವ ಮಿಸ್ಟಿ ಸ್ಟೆಪ್ ಮಾತ್ರ ನಡೆಯುತ್ತದೆ, ಯಾಕೆಂದರೆ ಅದು ನಿಮ್ಮ ಮೇಲೆ ನೀವೇ ಹಾಕಿಕೊಳ್ಳುವ ಸ್ಪೆಲ್. 30 ಅಡಿಯೊಳಗೆ ಕಾಣುವ ಖಾಲಿ ಜಾಗ ಇದ್ದರೆ ಸಾಕು.

ವಾಲ್ ಆಫ್ ಫೋರ್ಸ್‌ಗೂ ಇದೇ ಬೀಗದಕೈ. ಅದೃಶ್ಯ ಗೋಡೆ, ಯಾವ ವಸ್ತುವೂ ದಾಟುವುದಿಲ್ಲ, ಸ್ಪೆಲ್‌ಗಳನ್ನು ಅಳಿಸುವ ಡಿಸ್ಪೆಲ್ ಮ್ಯಾಜಿಕ್ ಕೂಡ ನಾಟುವುದಿಲ್ಲ. ಅದರೊಳಗೆ ಸಿಕ್ಕಿಬಿದ್ದವರು ಮಿಸ್ಟಿ ಸ್ಟೆಪ್ ಹಾಕಿ ಹೊರಬರಬಹುದು. ಹೊರಗಿನಿಂದ ಒಳಕ್ಕೆ ಫೈರ್‌ಬಾಲ್ ಎಸೆಯಲಾಗದು. ಎಸೆದರೆ ಎಲ್ಲಿ ಸಿಡಿಯುತ್ತದೆ? 2014ರ ನಿಯಮ ಇಲ್ಲಿ ನಿಜಕ್ಕೂ ಅರೆಬರೆ. ಕಾಣದ ಬಿಂದುವನ್ನು ಆರಿಸಿ ನಡುವೆ ಅಡ್ಡಿ ಇದ್ದರೆ, ಅಡ್ಡಿಯ ಈಚೆ ಬದಿಯಲ್ಲಿ ಸಿಡಿಯುತ್ತದೆ ಎಂದಿದೆ. ಗಾಜಿನ ಆಚೆಯ ಬಿಂದು, ಫೋರ್ಸ್ ಗೋಡೆಯ ಆಚೆಯ ಬಿಂದು ಚೆನ್ನಾಗಿಯೇ ಕಾಣುತ್ತದಲ್ಲ! ನಮ್ಮ ಮೇಜಿನ ತೀರ್ಪು: ಕಂಡರೂ ಕಾಣದಿದ್ದರೂ ಈಚೆ ಬದಿಯಲ್ಲೇ ಸಿಡಿಯುತ್ತದೆ. ಆದರೆ ಗಾಜು ಇದೆ ಎಂದು ಪಾತ್ರಕ್ಕೆ ಕಾಣುವಂತಿದ್ದರೆ ಆಟಗಾರರಿಗೆ ನಾನೇ ಎಚ್ಚರಿಸುತ್ತೇನೆ. ಹಾಗೆ ಎಚ್ಚರಿಸಿದ್ದರಿಂದಲೇ ಒಂದು ಸಲ ನಮ್ಮ ರೋಗ್ ಮೊದಲು ಕಲ್ಲು ಬೀಸಿ ಕಿಟಕಿ ಒಡೆದರು, ಹಿಂದೆಯೇ ಹುಡುಗನ 8ಡಿ6 ಒಳಗೆ ಹೋಯಿತು. ಇಬ್ಬರೂ ಸೇರಿ ಮಾಡಿದ ಕೆಲಸ, ಮೇಜೆಲ್ಲ ಚಪ್ಪಾಳೆ. ನಿಯಮ ಬಿಗಿಯಾಗಿದ್ದುದರಿಂದ ಹುಟ್ಟಿದ ಖುಷಿ ಅದು.

ಇನ್ನು ಡಾರ್ಕ್‌ನೆಸ್. ಇದರಷ್ಟು ತಪ್ಪು ಓದಿಸಿಕೊಳ್ಳುವ ಸ್ಪೆಲ್ ಇನ್ನೊಂದಿಲ್ಲ ಅನ್ನಿಸುತ್ತದೆ. 15 ಅಡಿ ತ್ರಿಜ್ಯದ ಕತ್ತಲೆ, ಡಾರ್ಕ್‌ವಿಷನ್ (ಕತ್ತಲಲ್ಲೂ ಕಾಣುವ ಕಣ್ಣು) ಇದ್ದವರಿಗೂ ತೂರುವುದಿಲ್ಲ. ಒಳಗೆ ಇಬ್ಬರು ಹೊಡೆದಾಡುತ್ತಿದ್ದಾರೆ ಎಂದುಕೊಳ್ಳಿ. ಹೊಡೆಯುವವನಿಗೆ ಎದುರಾಳಿ ಕಾಣುವುದಿಲ್ಲ, ಅದಕ್ಕೆ ಡಿಸ್‌ಅಡ್ವಾಂಟೇಜ್. ಎದುರಾಳಿಗೂ ಹೊಡೆಯುವವನು ಕಾಣುವುದಿಲ್ಲ, ಅದಕ್ಕೆ ಅಡ್ವಾಂಟೇಜ್. ಎರಡೂ ವಜಾ, ಒಂದೇ ದಾಳ. ಅಂದರೆ ಗಾಢ ಕತ್ತಲೆಯ ಕಾದಾಟ ಹಾಡಹಗಲಿನ ಕಾದಾಟದಂತೆಯೇ ನಡೆಯುತ್ತದೆ. ಇದರ ಮೇಲೆ ಇನ್ನೂ ಒಂದು: ಎಷ್ಟು ಡಿಸ್‌ಅಡ್ವಾಂಟೇಜ್ ಇದ್ದರೂ ಒಂದೇ ಅಡ್ವಾಂಟೇಜ್ ಎಲ್ಲವನ್ನೂ ಅಳಿಸುತ್ತದೆ. ದೂರದ ಬಿಲ್ಲುಗಾರ ಲಾಂಗ್ ರೇಂಜ್‌ನಿಂದ, ಏನೂ ಕಾಣದೆ, ಕತ್ತಲೆಯೊಳಕ್ಕೆ ಬಾಣ ಬಿಟ್ಟರೂ ಸಾದಾ ರೋಲ್!

ಇದನ್ನು ಕೇಳಿ ರಾಯರು, “ಮೇಡಂ, ಹಾಗಾದ್ರೆ ಈ ಸ್ಪೆಲ್ ಯಾಕೆ ಬೇಕು?” ಎಂದು ಕೇಳಿದರು. ಬೇಕು. ಡಾರ್ಕ್‌ನೆಸ್‌ನ ಬಲ ಬೇರೆ ಕಡೆ ಇದೆ. ‘ನಿಮಗೆ ಕಾಣುವ ಕ್ರೀಚರ್’ ಎಂದು ಶುರುವಾಗುವ ಎಲ್ಲ ಸ್ಪೆಲ್‌ಗಳೂ ಅಲ್ಲಿ ನಿಂತುಹೋಗುತ್ತವೆ. ಆಪರ್ಚುನಿಟಿ ಅಟ್ಯಾಕ್‌ಗೂ (ದೂರ ಸರಿಯುವವರಿಗೆ ಹೊಡೆಯುವ ಪೆಟ್ಟು) ಶತ್ರು ಕಾಣಬೇಕು, ಹಾಗಾಗಿ ಕತ್ತಲೆಯಲ್ಲಿ ಸುತ್ತುವರಿದವರ ನಡುವಿನಿಂದ ಪೆಟ್ಟು ತಿನ್ನದೆ ಜಾರಿಕೊಳ್ಳಬಹುದು. ವಾರ್ಲಾಕ್‌ಗೆ ಡೆವಿಲ್ಸ್ ಸೈಟ್ ಇದ್ದರೆ ಅವಳೊಬ್ಬಳಿಗೆ ಎಲ್ಲ ಕಾಣುತ್ತದೆ, ಅವಳಿಗೆ ನಿಜವಾದ ಅಡ್ವಾಂಟೇಜ್. ಲಾಂಗ್ ರೇಂಜ್ ಬಿಲ್ಲುಗಾರನ ವಿಷಯದಲ್ಲಿ ಮಾತ್ರ ನಾನು ಪುಸ್ತಕ ಬಿಟ್ಟು ನಡೆಯುತ್ತೇನೆ: ಕಾಣದ ಗುರಿಗೆ ಲಾಂಗ್ ರೇಂಜ್‌ನಿಂದ ಬಿಟ್ಟರೆ ಡಿಸ್‌ಅಡ್ವಾಂಟೇಜ್ ಉಳಿಯುತ್ತದೆ. ಉಳಿದದ್ದು ಪುಸ್ತಕದಂತೆ. ರೋಗ್‌ಗೆ ಇದರಲ್ಲಿ ಒಂದು ಲಾಭವಿದೆ, ಹೇಳಿಬಿಡಿ. ಎರಡೂ ವಜಾ ಆದಾಗ ಎರಡೂ ಇಲ್ಲದ ಲೆಕ್ಕ. ಜೊತೆಗಾರ ಗುರಿಯಿಂದ ಐದು ಅಡಿಯೊಳಗೆ ಇದ್ದರೆ ಸ್ನೀಕ್ ಅಟ್ಯಾಕ್ (ರೋಗ್‌ನ ಹೆಚ್ಚುವರಿ ಪೆಟ್ಟು) ಕತ್ತಲೆಯಲ್ಲೂ ಸಿಗುತ್ತದೆ.

‘ಒಂದು ಟರ್ನ್’ ಎಂದರೆ ಯಾರ ಟರ್ನ್

ಸ್ಪಿರಿಟ್ ಗಾರ್ಡಿಯನ್ಸ್ ನಮ್ಮ ರಾಯರ ಪ್ರಾಣ. ಸುತ್ತ 15 ಅಡಿ ದೇವದೂತರು ತಿರುಗುತ್ತಾರೆ, ಸಿಕ್ಕಿದವರಿಗೆ 3ಡಿ8. 2014ರ ಮಾತು: ಕ್ರೀಚರ್ ಒಂದು ಟರ್ನ್‌ನಲ್ಲಿ ಮೊದಲ ಸಲ ಆ ಜಾಗ ಹೊಕ್ಕಾಗ, ಅಥವಾ ತನ್ನ ಟರ್ನನ್ನು ಅಲ್ಲಿ ಶುರುಮಾಡಿದಾಗ. ಈ ಒಂದು ಸಾಲಿನಲ್ಲಿ ಎರಡು ಗಂಟು.

ಮೊದಲನೆಯದು, ಹೊಗುವುದು ಯಾವುದು. ಗಾಬ್ಲಿನ್ ತಾನಾಗಿ ನಡೆದು ಬಂದರೆ ಹೊಕ್ಕಿತು. ಯಾರೋ ತಳ್ಳಿ ಒಳಗೆ ಬಿದ್ದರೂ ಹೊಕ್ಕಿತು. ಆದರೆ ರಾಯರ ಕ್ಲೆರಿಕ್ ನಡೆದುಹೋಗಿ ನಿಂತ ಗಾಬ್ಲಿನ್ ಮೇಲೆ ಆ ವರ್ತುಲ ಹಾಯಿಸಿದರೆ ಅದು ಗಾಬ್ಲಿನ್ ಹೊಕ್ಕಂತಲ್ಲ. ಗಾಬ್ಲಿನ್ ತನ್ನ ಟರ್ನ್ ಶುರುವಾದಾಗ ಮಾತ್ರ ಸೇವ್ ಹಾಕುತ್ತದೆ. ಇದು ನನ್ನ ಊಹೆಯಲ್ಲ, ಆಟದ ನಿಯಮಗಳ ಹೊಣೆ ಹೊತ್ತಿದ್ದ ಜೆರೆಮಿ ಕ್ರಾಫರ್ಡ್ ‘ಸೇಜ್ ಅಡ್ವೈಸ್’ ಪ್ರಶ್ನೋತ್ತರದಲ್ಲಿ ಕೊಟ್ಟ ಉತ್ತರ.

ಎರಡನೆಯದು, ‘ಒಂದು ಟರ್ನ್‌ನಲ್ಲಿ’ ಎಂದಿದೆ, ‘ತನ್ನ ಟರ್ನ್‌ನಲ್ಲಿ’ ಎಂದಿಲ್ಲ. ಒಂದು ರೌಂಡಿನಲ್ಲಿ ಎಲ್ಲರಿಗೂ ಒಂದೊಂದು ಟರ್ನ್ ಇದೆ. ವಾರ್ಲಾಕ್ ತನ್ನ ಟರ್ನ್‌ನಲ್ಲಿ ರಿಪೆಲ್ಲಿಂಗ್ ಬ್ಲಾಸ್ಟ್‌ನಿಂದ ಗಾಬ್ಲಿನ್ನನ್ನು ಹತ್ತು ಅಡಿ ಒಳಕ್ಕೆ ತಳ್ಳಿದರೆ 3ಡಿ8. ಆಮೇಲೆ ಗಾಬ್ಲಿನ್ ಟರ್ನ್ ಶುರುವಾದಾಗ ಇನ್ನೊಂದು 3ಡಿ8. ಇದು ಸರಿಯಾದ ಓದು, ಒಪ್ಪಿಕೊಳ್ಳಿ. ಆಟಗಾರರು ಒಬ್ಬರಿಗೊಬ್ಬರು ಕೈಜೋಡಿಸಿದ್ದಕ್ಕೆ ಸಿಕ್ಕ ಫಲ ಅದು.

2024ರಲ್ಲಿ ಮೊದಲ ಗಂಟು ಬಿಚ್ಚಿದರು: ವರ್ತುಲ ಹಾಯ್ದರೂ ಸೇವ್, ತಾನು ಹೊಕ್ಕರೂ ಸೇವ್, ಟರ್ನ್ ಅಲ್ಲಿ ಮುಗಿಸಿದರೂ ಸೇವ್, ಒಂದು ಟರ್ನ್‌ಗೆ ಒಮ್ಮೆ ಮಾತ್ರ. ಆಗ ಹೊಸ ಆಸೆ ಹುಟ್ಟಿತು. ಕ್ಲೆರಿಕ್ ತನ್ನ ಟರ್ನ್‌ನಲ್ಲಿ ಹಾಯ್ದು ಬರುತ್ತಾನೆ. ಆಮೇಲೆ ಇನ್ನೊಬ್ಬರು ಅವರ ಟರ್ನ್‌ನಲ್ಲಿ ಕ್ಲೆರಿಕ್ಕನ್ನೇ ಎತ್ತಿಕೊಂಡು ಓಡಿ, ಶತ್ರುಗಳ ಮೇಲೆ ಮತ್ತೆ ಹಾಯಿಸುತ್ತಾರೆ. ಟರ್ನ್ ಬೇರೆ, ಆದ್ದರಿಂದ ಮತ್ತೆ ಸೇವ್. ಬರಹದಲ್ಲಿ ಇದಕ್ಕೆ ತಡೆ ಇಲ್ಲ. ನಮ್ಮ ಮೇಜಿನಲ್ಲಿ ಒಂದು ತಡೆ ಹಾಕಿದ್ದೇವೆ: ಒಂದು ರೌಂಡಿನಲ್ಲಿ ಒಂದು ಕ್ರೀಚರ್‌ಗೆ ಈ ಸ್ಪೆಲ್‌ನಿಂದ ಎರಡಕ್ಕಿಂತ ಹೆಚ್ಚು ಪೆಟ್ಟಿಲ್ಲ. ತಳ್ಳುವ ಉಪಾಯಕ್ಕೆ ಜಾಗ ಉಳಿಯಿತು, ಹೊತ್ತು ಓಡುವ ಸರ್ಕಸ್ ನಿಂತಿತು. ರಾಯರು ಒಪ್ಪಿದ ಮೇಲೇ ಅದನ್ನು ಬರೆದುಕೊಂಡದ್ದು.

ಬೋನಸ್ ಆಕ್ಷನ್ ಸ್ಪೆಲ್‌ಗಳ ನಿಯಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 2014ರಲ್ಲಿ ಬೋನಸ್ ಆಕ್ಷನ್‌ನಲ್ಲಿ (ಟರ್ನ್‌ನ ಮುಖ್ಯ ಆಕ್ಷನ್ ಜೊತೆಗಿನ ಸಣ್ಣ ಆಕ್ಷನ್) ಹೀಲಿಂಗ್ ವರ್ಡ್ ಹಾಕಿದಿರಾ, ಆ ಟರ್ನ್‌ನಲ್ಲಿ ಇನ್ನು ಒಂದು ಆಕ್ಷನ್‌ನ ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಸಣ್ಣ ಸ್ಪೆಲ್) ಬಿಟ್ಟು ಬೇರೆ ಯಾವ ಸ್ಪೆಲ್ಲೂ ಇಲ್ಲ. ಎದುರಾಳಿಯ ಸ್ಪೆಲ್ಲನ್ನು ಆ ಕ್ಷಣವೇ ತಡೆಯುವ ರಿಯಾಕ್ಷನ್‌ನ ಕೌಂಟರ್‌ಸ್ಪೆಲ್ ಕೂಡ ಇಲ್ಲ. ಆದರೆ ಬೋನಸ್ ಆಕ್ಷನ್ ಸ್ಪೆಲ್ ಹಾಕದೆ, ಫೈಟರ್‌ನ ಆ್ಯಕ್ಷನ್ ಸರ್ಜ್ (ಒಂದು ಹೆಚ್ಚುವರಿ ಆಕ್ಷನ್) ಬಳಸಿ ಎರಡು ಫೈರ್‌ಬಾಲ್ ಹಾಕಬಹುದಿತ್ತು. 2024ರಲ್ಲಿ ಲೆಕ್ಕ ಸರಳವಾಯಿತು: ಒಂದು ಟರ್ನ್‌ನಲ್ಲಿ ಸ್ಪೆಲ್ ಹಾಕಲು ಒಂದೇ ಸ್ಲಾಟ್. ಇದರ ಮರೆಯ ಪರಿಣಾಮ ನೋಡಿ: ನೀವು ಸ್ಲಾಟ್ ಕೊಟ್ಟು ಫೈರ್‌ಬಾಲ್ ಹಾಕಿದಿರಿ, ಶತ್ರು ಕೌಂಟರ್‌ಸ್ಪೆಲ್ ಮಾಡಿದ. ಅವನ ಕೌಂಟರ್‌ಸ್ಪೆಲ್‌ಗೆ ನೀವು ಸ್ಲಾಟ್‌ನಿಂದ ಕೌಂಟರ್‌ಸ್ಪೆಲ್ ಮಾಡುವುದು ನಿಮ್ಮದೇ ಟರ್ನ್‌ನಲ್ಲಿ ಈಗ ಸಾಧ್ಯವಿಲ್ಲ.

ಕೌಂಟರ್‌ಸ್ಪೆಲ್‌ನಲ್ಲಿ ನಿಯಮಕ್ಕಿಂತ ಮಾತಿನ ಸರದಿ ಮುಖ್ಯ. “ಅವನು ಬಾಯಲ್ಲಿ ಮಂತ್ರ ಹಿಡಿದ, ಕೈ ಎತ್ತಿದ” ಎಂದು ಹೇಳಿ ನಿಲ್ಲಿಸಿ. ತಡೆಯುವವರು ಆಗಲೇ ಹೇಳಬೇಕು. ಆಮೇಲೆ ಸ್ಪೆಲ್ ಹೆಸರು ಹೇಳಿ. ಹೆಸರು ಮೊದಲೇ ಬಿಟ್ಟುಕೊಟ್ಟರೆ ಕೌಂಟರ್‌ಸ್ಪೆಲ್ ಇದ್ದವರು ಸಣ್ಣ ಸ್ಪೆಲ್‌ಗೆ ಎಂದೂ ಮೋಸಹೋಗುವುದಿಲ್ಲ. ಆಟಗಾರರೂ ಹಾಗೇ, ಮೊದಲು “ಸ್ಪೆಲ್ ಹಾಕ್ತಿದೀನಿ” ಅನ್ನಬೇಕು, ನಾನು ರಾಕ್ಷಸರ ಪರವಾಗಿ ಯೋಚಿಸಬೇಕು, ಆಮೇಲೆ ಹೆಸರು. ಎರಡೂ ಕಡೆ ಒಂದೇ ನ್ಯಾಯ.

ಮ್ಯಾಜಿಕ್ ಮಿಸೈಲ್, ಬೇಗ

ಮೂರು ಬಾಣಕ್ಕೆ ಮೂರು ಡಿ4 ಉರುಳಿಸಬೇಕೋ ಒಂದನ್ನೋ? ಮೂರೂ ಏಕಕಾಲಕ್ಕೆ ತಗಲುತ್ತವೆ, ಆದ್ದರಿಂದ ಒಂದೇ ದಾಳ ಎಂಬುದು ಕ್ರಾಫರ್ಡ್ ಓದು. ಆ ಓದಿನಲ್ಲಿ ಹತ್ತನೇ ಲೆವೆಲ್‌ನ ಎವೋಕರ್ (ಹೊಡೆಯುವ ಸ್ಪೆಲ್‌ಗಳಲ್ಲಿ ಪಳಗಿದ ವಿಜರ್ಡ್) ತನ್ನ ಇಂಟೆಲಿಜೆನ್ಸ್ ಬೋನಸ್ ಐದನ್ನು ಆ ಒಂದು ರೋಲ್‌ಗೆ ಸೇರಿಸಿದರೆ ಮೂರೂ ಬಾಣಕ್ಕೆ ಸೇರುತ್ತದೆ, ಒಂದನೇ ಲೆವೆಲ್ ಸ್ಲಾಟ್‌ನಲ್ಲಿ 21ರಿಂದ 30 ಡ್ಯಾಮೇಜ್, ಅದೂ ತಪ್ಪದೇ. ನಾವು ಮೂರು ದಾಳ ಉರುಳಿಸುತ್ತೇವೆ, ಬೋನಸ್ ಒಂದು ಬಾಣಕ್ಕೆ ಮಾತ್ರ, 11ರಿಂದ 20. ದಾಳದ ಸದ್ದೂ ಹೆಚ್ಚು, ಅದಕ್ಕೂ ಬೆಲೆ ಇದೆ.

ಮಾತಿನ ಮೇಲೆ ನಿಂತ ಸ್ಪೆಲ್‌ಗಳು

ಕಮಾಂಡ್ ಒಂದೇ ಪದದ ಆಜ್ಞೆ. ನಾವು ಆಡುವುದು ಕನ್ನಡದಲ್ಲಿ. ಇಲ್ಲಿ ‘ಕೊಟ್ಟುಬಿಡು’, ‘ಒಪ್ಪಿಸಿಬಿಡು’, ‘ಹಿಂತಿರುಗಿಹೋಗು’ ಎಲ್ಲವೂ ಒಂದೇ ಪದ. ಪದ ಎಣಿಸುತ್ತಾ ಕೂತರೆ ಕ್ಲೆರಿಕ್ ಒಂದು ಇಡೀ ವಾಕ್ಯವನ್ನು ಒಂದು ಪದದಲ್ಲಿ ತುರುಕುತ್ತಾರೆ. ಆದ್ದರಿಂದ ಅಳತೆ ಬದಲಿಸಿದೆವು: ಒಂದು ಕೆಲಸ, ಒಂದು ಟರ್ನ್‌ನಲ್ಲಿ ಮುಗಿಯುವಂಥದ್ದು. 2024ರ ಪುಸ್ತಕದಲ್ಲಿ ಐದೇ ಆಜ್ಞೆ ಉಳಿಸಿದ್ದಾರೆ, ನಮ್ಮಲ್ಲಿ ಅವು ಬಾ, ಬಿಸಾಕು, ಓಡು, ಅಡ್ಡಬೀಳು, ನಿಲ್ಲು. ಹೊಸ ಗುಂಪಾದರೆ ಈ ಐದರಿಂದಲೇ ಶುರುಮಾಡಿ.

ಸಜೆಷನ್ ಇನ್ನೂ ಕಷ್ಟ. 2014ರಲ್ಲಿ ಸಲಹೆ ‘ಯುಕ್ತ’ವಾಗಿ ಕೇಳಿಸಬೇಕು. ಯಾರ ಕಿವಿಗೆ ಯುಕ್ತ? ಪುಸ್ತಕದ ಉದಾಹರಣೆಯಲ್ಲೇ ಒಬ್ಬ ನೈಟ್ ತನ್ನ ಯುದ್ಧದ ಕುದುರೆಯನ್ನು ದಾರಿಯಲ್ಲಿ ಮೊದಲು ಸಿಕ್ಕ ಭಿಕ್ಷುಕನಿಗೆ ಕೊಡುತ್ತಾಳೆ. ಸಾಮಾನ್ಯ ಬುದ್ಧಿಯಲ್ಲಿ ಯಾವ ನೈಟ್ ಹಾಗೆ ಮಾಡುತ್ತಾಳೆ? ಅಂದರೆ ಸ್ಪೆಲ್ ತಗುಲಿದವರು ತಮ್ಮ ಹಿತ ಬಿಟ್ಟು ನಡೆಯುತ್ತಾರೆ, ಅಷ್ಟು ಬಲ ಅದಕ್ಕಿದೆ. ತನ್ನನ್ನೇ ಇರಿದುಕೊಳ್ಳುವಂಥ, ಮೈಮೇಲೆ ಬೆಂಕಿ ಹಚ್ಚಿಕೊಳ್ಳುವಂಥ ಕೆಲಸ ಮಾತ್ರ ಆಗದು. ಈ ಎರಡು ತುದಿಯ ನಡುವೆ ತೀರ್ಪು ಕೊಡಬೇಕಾದಾಗ ನಾನು ಆಟಗಾರರನ್ನೇ ಕೇಳುತ್ತೇನೆ: ಪಾತ್ರದ ಬಾಯಿಂದ ಆ ಮಾತನ್ನು ಆಡಿ ತೋರಿಸಿ. ಒಮ್ಮೆ ಹುಡುಗ ಸೆರೆಮನೆಯ ಕಾವಲುಗಾರನಿಗೆ “ಬಾಗಿಲು ತೆಗಿ” ಎಂದ. ನಾನು ಸುಮ್ಮನೆ ನೋಡಿದೆ. ಅವನು ಯೋಚಿಸಿ, “ಅಣ್ಣಾ, ಒಳಗಿರೋ ಮುದುಕನಿಗೆ ಜ್ವರ ಜಾಸ್ತಿಯಾಗಿದೆ, ಸತ್ತರೆ ನಿಮ್ಮ ತಲೆಗೇ ಬರುತ್ತೆ, ಬಾಗಿಲು ತೆಗೆದು ವೈದ್ಯರ ಹತ್ರ ಕರ್ಕೊಂಡ್ಹೋಗಿ” ಎಂದ. ಕಾವಲುಗಾರನ ವಿಸ್ಡಮ್ ಸೇವ್ ತಪ್ಪಿತು, ಕೀಲಿ ತಿರುಗಿತು. ಎಂಟು ಗಂಟೆ ಕಾಲ ಕಾನ್ಸಂಟ್ರೇಷನ್ ಹಿಡಿಯಬಹುದಾದ ಸ್ಪೆಲ್ ಇದು, ಆ ಮಾತಿಗೆ ತಕ್ಕ ಬೆಲೆ ಸಿಗಲೇಬೇಕು. 2024ರಲ್ಲಿ ‘ಯುಕ್ತ’ ಹೋಗಿ ‘ಸಾಧಿಸಬಲ್ಲದ್ದು’ ಬಂದಿದೆ, ಗುರಿಗಾಗಲಿ ಅವನ ಜೊತೆಗಾರರಿಗಾಗಲಿ ಕಣ್ಣಿಗೆ ಹೊಡೆಯುವಂತೆ ಡ್ಯಾಮೇಜ್ ಆಗಕೂಡದು, 25 ಪದ ಮೀರಕೂಡದು ಎಂದೂ ಇದೆ. ಕನ್ನಡಕ್ಕೆ ಆ 25 ಬಹಳ ಧಾರಾಳ. ನಾವು ಹಳೇ ಪುಸ್ತಕದ ಒಂದೆರಡು ವಾಕ್ಯದ ಮಿತಿಯನ್ನೇ ಉಳಿಸಿಕೊಂಡಿದ್ದೇವೆ.

ತೀರ್ಪು ಕೊಡುವಾಗ

ಬರಹ ಮುಗಿದು ನಿಮ್ಮ ಸರದಿ ಬಂತೆಂದರೆ ಮೊದಲು ಆಟಗಾರರನ್ನು ಕೇಳಿ: ಏನಾಗಬೇಕು ಅಂತ ನಿಮ್ಮ ಮನಸ್ಸಿನಲ್ಲಿದೆ? ಅರ್ಧ ಸಲ ಅವರಿಗೆ ಬೇಕಾದದ್ದು ಬೇರೆ ನೇರ ದಾರಿಯಲ್ಲೇ ಸಿಗುತ್ತದೆ. ಆಮೇಲೆ ಸ್ಲಾಟ್ ಲೆವೆಲ್ ನೋಡಿ, ಪಕ್ಕದ ಸ್ಪೆಲ್ ನೋಡಿ, ಒಂದು ನಿಮಿಷದೊಳಗೆ ಹೇಳಿಬಿಡಿ. ಪುಸ್ತಕ ಹುಡುಕುವುದು ಆಟ ಮುಗಿದ ಮೇಲೆ. ನಿಮ್ಮ ತೀರ್ಪು ಆಟಗಾರರು ಅಂದುಕೊಂಡಿದ್ದಕ್ಕೆ ವಿರುದ್ಧವಾಗಿದ್ದರೆ ಅವರ ಆಕ್ಷನ್ ಮತ್ತು ಸ್ಲಾಟ್ ಎರಡನ್ನೂ ವಾಪಸ್ ಕೊಡಿ, ಬೇರೇನಾದರೂ ಮಾಡಲಿ. ದಾಳ ಬೀಳುವ ಮೊದಲು ತೀರ್ಪು ಬರಬೇಕು ಎಂದದ್ದು ಇದಕ್ಕೇ: ದಾಳ ಬಿದ್ದ ಮೇಲೆ ಹೇಳಿದ ಯಾವ ಮಾತೂ ಸೋತವರಿಗೆ ಪಕ್ಷಪಾತವಾಗಿಯೇ ಕೇಳಿಸುತ್ತದೆ.

ಮತ್ತೆ, ಅದೇ ತೀರ್ಪು ರಾಕ್ಷಸರಿಗೂ ಸಲ್ಲಬೇಕು. ಆಟಗಾರರ ಗ್ರೀಸ್ ಉರಿಯದಿದ್ದರೆ ನನ್ನ ಕಳ್ಳ ಮಾಂತ್ರಿಕನ ಗ್ರೀಸೂ ಉರಿಯುವುದಿಲ್ಲ. ಅನುಮಾನವಿದ್ದರೆ ‘ಇದೇ ಉಪಾಯವನ್ನು ಮುಂದಿನ ವಾರ ಶತ್ರು ನಿಮ್ಮ ಮೇಲೆ ಮಾಡಿದರೆ ಒಪ್ಪಿಗೆಯೇ?’ ಎಂದು ಕೇಳಿ. ಒಪ್ಪಿದರೆ ಧಾರಾಳವಾಗಿ ಬಿಡಿ. ನಮ್ಮ ವಾರ್ಲಾಕ್ ಹುಡುಗಿ ಈ ಪ್ರಶ್ನೆ ಕೇಳಿದ ಕೂಡಲೇ ತನ್ನ ಅರ್ಧ ಉಪಾಯಗಳನ್ನು ತಾನೇ ವಾಪಸ್ ತೆಗೆದುಕೊಳ್ಳುತ್ತಾಳೆ.

ಕೊನೆಗೆ ಒಂದು ನೋಟ್‌ಬುಕ್. ಎಡಗಡೆ ಸ್ಪೆಲ್ ಹೆಸರು, ಯಾವ ವರ್ಷದ ಪುಸ್ತಕ. ಬಲಗಡೆ ತೀರ್ಪು, ಒಂದೇ ಸಾಲಿನಲ್ಲಿ, ಕಾರಣದ ಜೊತೆ. ‘ಸ್ಪಿರಿಟ್ ಗಾರ್ಡಿಯನ್ಸ್, 2024: ಒಂದು ರೌಂಡಿಗೆ ಒಬ್ಬರಿಗೆ ಎರಡು ಪೆಟ್ಟು ಮಾತ್ರ, ಹೊತ್ತು ಓಡುವುದನ್ನು ತಡೆಯಲು.’ ಕಾರಣ ಬರೆದಿದ್ದರೆ ಹೊಸ ಸಂದರ್ಭ ಬಂದಾಗ ತೀರ್ಪನ್ನು ಹಿಗ್ಗಿಸಬೇಕೋ ಬೇಡವೋ ತಿಳಿಯುತ್ತದೆ. ಹೊಸಬರು ಸೇರಿದಾಗ ಅವರ ಪಾತ್ರದ ಸ್ಪೆಲ್‌ಗಳಿಗೆ ಸಂಬಂಧಿಸಿದ ಸಾಲುಗಳನ್ನು ಮೊದಲ ಆಟಕ್ಕೆ ಮುಂಚೆಯೇ ಓದಿಸಿ. ಗ್ರೀಸ್ ಉರಿಯುವುದಿಲ್ಲ ಎಂದು ಗೊತ್ತಾದ ಮೇಲೆ ವೆಬ್ ಕಲಿಯಬೇಕೆನ್ನಿಸಿದರೆ ಬದಲಾಯಿಸಿಕೊಳ್ಳಲು ಅವರಿಗೆ ಅವಕಾಶ ಕೊಡಿ.